ಸಂಜೆ ಆರಕ್ಕೆ ಕೂಲಿ ಕೈಗೆ: ಪ್ರವಾಹದ ಕೆಸರು ಎತ್ತಿದ ನನ್ನ ಅನುಭವ

2019ರ ಆಗಸ್ಟಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ಳಲ್ಲ, ಆಗ 34 ಮನೆ ಕೆಸರನ್ನ 11 ದಿನದಲ್ಲಿ ತೆಗೆದು ಕೊಟ್ವಿ, ಒಬ್ಬರದ್ದೂ ಒಂದು ದಿನದ ಕೂಲಿ ಬಾಕಿ ಇಟ್ಕೊಳ್ಳದೆ. ದಿನಾ ದುಡ್ಡು ಕೊಟ್ರೆ ನಾಳೆ ಯಾರೂ ಬರಲ್ಲ ಕಣೋ ಅಂತ ಜೊತೆ ಕಂಟ್ರಾಕ್ಟರುಗಳೆಲ್ಲ ಹೇಳಿದ್ರು. ಶುರುವಲ್ಲಿ 25 ಜನ ಕೂಲಿಯೋರು ಇದ್ರು, ಕೊನೇ ದಿನ 27 ಆಗಿದ್ರು.

ಇದಕ್ಕೆ ಮುಂಚೆ ಚೆನ್ನಾಗಿ ಹೊಡೆತ ತಿಂದಿದ್ದೆ. 2018ರಲ್ಲಿ ಮಡಿಕೇರಿ ಹತ್ರದ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಾಗ ಎಲ್ಲರ ಮೆಷಿನ್ನೂ ಹೈವೇ ಕಡೆ ಹೋಯ್ತು, ನಾನು ಮಕ್ಕಂದೂರು ಕಡೆ ಒಂದು ಒಳರಸ್ತೆ ಹಿಡಿದೆ. ಪ್ರಕೃತಿ ವಿಕೋಪ ಅಂದ್ರೆ ಟೆಂಡರ್ ಇರಲ್ಲ, ಬಾಯಿಮಾತಲ್ಲೇ ಕೆಲಸ ಶುರು, ನನ್ನ ಮೇಲೆ ಇನ್ನೂ ಇಬ್ಬರು ಕಂಟ್ರಾಕ್ಟರುಗಳು. ರೇಟು ಕ್ಯೂಬಿಕ್ ಮೀಟರ್ ಲೆಕ್ಕ. ಹಗಲು ತೆಗೆದ ಮಣ್ಣು ರಾತ್ರಿ ಮಳೆಗೆ ಮತ್ತೆ ಅಲ್ಲಿಗೇ ಇಳಿಯೋದು, ಒಂದು ತಿರುವಲ್ಲಿ ಮೂರು ಸಲ ತೆಗ್ದಿದೀನಿ. ಅಳತೆಗೆ ಬಂದೋರು ಎಂ ಬುಕ್ಕಲ್ಲಿ, ಅಂದ್ರೆ ಬಿಲ್ಲಿಗೆ ಆಧಾರ ಆಗೋ ಅಳತೆ ಪುಸ್ತಕದಲ್ಲಿ, ಒಂದೇ ಸಲದ್ದು ಬರ್ಕೊಂಡ್ರು. ಟಿಪ್ಪರಲ್ಲೂ ಅದೇ ಕಥೆ, ನೀರುಗೆಸರು ಅರ್ಧಕ್ಕಿಂತ ಜಾಸ್ತಿ ತುಂಬಿದ್ರೆ ದಾರಿ ತುಂಬ ಚೆಲ್ಲುತ್ತೆ, ಅರ್ಧರ್ಧ ಹೊತ್ರೆ ಟ್ರಿಪ್ ಜಾಸ್ತಿ, ದುಡ್ಡು ಅಷ್ಟೇ. ಲೇಬರ್ ಮೇಸ್ತ್ರಿ ತಲೆಗೆ 600 ಅಂತ ನನ್ನ ಹತ್ರ ತಗೊಂಡು ಕೆಳಗೆ 400 ಕೊಡ್ತಿದ್ದ, ಹೆಂಗಸರಿಗೆ 300. ನಾಲ್ಕನೇ ದಿನ ಅರ್ಧ ಜನ ಇಲ್ಲ. ಬಿಲ್ ಬರೋಕೆ ಏಳೆಂಟು ತಿಂಗಳು, ಬಂದಾಗ ಬಿಲ್ಲಲ್ಲೇ ಮುರ್ಕೊಳ್ಳೋ ಸೆಸ್ಸು, ಟಿಡಿಎಸ್ಸು, ಆ ಅಕ್ಟೋಬರಿಂದ ಜಿಎಸ್‌ಟಿ ಟಿಡಿಎಸ್ 2% ಬೇರೆ ಶುರುವಾಗಿತ್ತಲ್ಲ, ಎಲ್ಲ ಕಳೆದು ನನಗೆ ನಾಲ್ಕು ಲಕ್ಷದ ಹತ್ರ ಲಾಸ್ ಆಯ್ತು. ಆದ್ರೆ ನಿದ್ದೆ ಕೆಡಿಸಿದ್ದು ಅದಲ್ಲ. ಕೊನೇ ವಾರದ ಕೂಲಿ ಕೇಳ್ಕೊಂಡು ಅಸ್ಸಾಂ ಹುಡುಗರು ಇಬ್ಬರು ನಮ್ಮನೆ ಗೇಟ್ ಹತ್ರ ನಿಂತಿದ್ರು, ಒಬ್ಬನ ಕಾಲಿಗೆ ಇನ್ನೂ ಬ್ಯಾಂಡೇಜು. ಮೇಸ್ತ್ರಿ ಫೋನ್ ಸ್ವಿಚ್ ಆಫ್. ಹೆಂಡತಿ ಸಂಘದಿಂದ ಸಾಲ ತಂದು ಕೊಟ್ಟಿದ್ದು. ಆಗಿನ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೇಲಿ, ಕಂಟ್ರಾಕ್ಟರ್ ಕೂಲಿ ಕೊಡದಿದ್ರೆ ಕೆಲಸ ಕೊಟ್ಟೋರೇ ಕೊಟ್ಟು ಆಮೇಲೆ ಅವನ ಹತ್ರ ವಸೂಲಿ ಮಾಡ್ಬೇಕು ಅಂತ ಇತ್ತು, ಆ ಹುಡುಗರಿಗೆ ಇದನ್ನ ಯಾರು ಹೇಳ್ತಾರೆ.

ಅದಕ್ಕೇ 2019ರಲ್ಲಿ ಮೇಸ್ತ್ರಿನೇ ಬೇಡ ಅಂದೆ. ಗಂಡಸು ಹೆಂಗಸು ಎಲ್ಲರಿಗೂ 700, ಸಂಜೆ ಆರಕ್ಕೆ ಕೈಗೆ. ಹೆಂಗಸರಿಗೂ ಅಷ್ಟೇನಾ ಅಂತ ಕೆಲವು ಗಂಡಸರು ಗೊಣಗಿದ್ರು. ಅಡುಗೆಮನೆ ಮೂಲೆ, ಮಂಚದ ಅಡಿ ಕೆಸರು ತೆಗೆಯೋದ್ರಲ್ಲಿ ಆ ಅಕ್ಕಂದಿರ ಮುಂದೆ ಯಾರೂ ನಿಲ್ಲಲಿಲ್ಲ, ಎರಡನೇ ದಿನಕ್ಕೆ ಮಾತು ನಿಂತು ಹೋಯ್ತು. ಮಳೆ ಬಂದು ಸುಮ್ನೆ ನಿಂತ ಹೊತ್ತಿಗೂ ಅರ್ಧ ಕೂಲಿ, ಗಾಜು ಚುಚ್ಚಿ ಆಸ್ಪತ್ರೆಗೆ ಹೋದ್ರೆ ಆ ದಿನದ್ದು ಪೂರ್ತಿ. ಗಂಬೂಟು ನಂದೇ, ಒಂದು ಜೊತೆಗೆ 300ರ ಹಾಗೆ ಬಿತ್ತು, ಇಲಿಜ್ವರದ ಭಯ ಇರುತ್ತಲ್ಲ. ಜೆಸಿಬಿಗೂ ಅಳತೆ ಬಿಟ್ಟು ಗಂಟೆ ಲೆಕ್ಕ ಮಾಡಿದೆ, ಮೆಷಿನ್ ಎಷ್ಟು ಗಂಟೆ ಓಡ್ತು ಅಂತ ತೋರ್ಸೋ ಹವರ್ ಮೀಟರ್‌ದು ಬೆಳಿಗ್ಗೆ ಸಂಜೆ ಫೋಟೋ, ಅಲ್ಲೇ ಮನೆಯೋರ ಸೈನು.

ಮಧ್ಯೆ ಒಂದೆರಡು ಪ್ರಯೋಗ ಮಾಡಿ ಕೈಸುಟ್ಕೊಂಡೆ. ಮನೆಗೆ ಇಷ್ಟು ಅಂತ ಒಂದು ಗುಂಪಿಗೆ ಗುತ್ತಿಗೆ ಕೊಟ್ಟು ನೋಡಿದೆ, ಬೇಗ ಮುಗಿಸೋ ಆತುರಕ್ಕೆ ಕೆಸರೆಲ್ಲ ಚರಂಡಿಗೆ ತಳ್ಳಿದ್ರು, ಚರಂಡಿ ಕಟ್ಕೊಂಡು ಪಕ್ಕದ ಮನೆಗೆ ನುಗ್ತು, ನಾನೇ ಎರಡು ಟ್ರಾಕ್ಟರ್ ಲೋಡ್ ಫ್ರೀಯಾಗಿ ಎತ್ತಿಸಿದೆ. ಚೀಲದ ಲೆಕ್ಕ ಮಾಡಿದ್ರೆ ಅರ್ಧ ಚೀಲ ತುಂಬಿ ಬಾಯಿ ಕಟ್ಟಿದ್ರು. ತಪ್ಪು ಅವರದ್ದಲ್ಲ, ರೇಟು ಹಾಗೆ ಇಟ್ಟಿದ್ದು ನಾನು. ಕೈಹಿಡಿದ ಪ್ರಯೋಗ ಅಂದ್ರೆ ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯೋ ಸ್ಪ್ರೇ ಪಂಪು. ಡ್ರಮ್ಮು, ಪೈಪು ಚೆನ್ನಾಗಿ ತೊಳ್ಕೊಂಡು ಬರೀ ನೀರು ಹಾಕಿ ಗೋಡೆಗೆ ಮೇಲಿಂದ ಕೆಳಕ್ಕೆ ಹೊಡೆದ್ರೆ ಪೊರಕೆ ಕೆಲಸ ಅರ್ಧ ಉಳೀತು. ಎರಡು ದಿನ ಬಿಸಿಲು ಬಿದ್ದು ಒಣಗಿದ್ರೆ ಮಾತ್ರ ಅದೂ ಆಗಲ್ಲ, ಪಿಕಾಸೇ ಗತಿ.

ನೆನಪಿರೋ ಲೆಕ್ಕ: ಮನೆಗೆ ಸರಾಸರಿ 11 ಸಾವಿರದ ಹಾಗೆ, ಒಟ್ಟು 3.7 ಲಕ್ಷ ಚಿಲ್ಲರೆ ಮನೆಯೋರಿಂದ ಬಂತು. ಕೂಲಿ 1.9 ಲಕ್ಷ, ಎರಡು ಟ್ರಾಕ್ಟರ್ 55 ಸಾವಿರ, ಜೆಸಿಬಿಗೆ ಡೀಸೆಲ್ಲು ಆಪರೇಟರ್ ಸೇರಿ 32 ಸಾವಿರ, ಊಟ ಬೂಟು ಔಷಧಿ 45 ಸಾವಿರ. ನನಗೆ 50 ಸಾವಿರದ ಹತ್ರ ಉಳೀತು. ಮೇಸ್ತ್ರಿಗೆ ತಲೆಗೆ 600 ಕೊಟ್ಟಾಗ ಆಗದ ಕೆಲಸ 700 ಕೊಟ್ಟಾಗ ಆಯ್ತು, ಯಾಕಂದ್ರೆ ನಿನ್ನೆ ಬಂದೋನೇ ಇವತ್ತೂ ಬರ್ತಾನೆ, ಯಾವ ಮನೇಲಿ ಏನು ಬಾಕಿ ಅಂತ ಅವನಿಗೇ ಗೊತ್ತು.

ಇನ್ನು ದಿನಾ ಸಂಜೆ 17-18 ಸಾವಿರ ಕ್ಯಾಷು ಎಲ್ಲಿಂದ ತರ್ತೀಯ ಅಂತ ಎಲ್ಲರೂ ಕೇಳ್ತಾರೆ. ಮನೆಯೋರ ಹತ್ರ ಅರ್ಧ ದುಡ್ಡು ಮುಂಚೆನೇ ಇಸ್ಕೊಳ್ತೀನಿ, ಅಷ್ಟು ಹೇಳಬಲ್ಲೆ. ಎಲ್ಲ ಕಳ್ಕೊಂಡು ಕೂತ ಜನ, ಅವರ ಹತ್ರ ಮನಸ್ಸು ನೋಯಿಸದೆ ಹೇಗೆ ಕೇಳ್ತೀನಿ, ಕೊಡೋಕೆ ಆಗದ ಮನೆಗಳದ್ದು ಹೇಗೆ ಸರಿದೂಗಿಸ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ. ಆ ಇಬ್ಬರು ಅಸ್ಸಾಂ ಹುಡುಗರಲ್ಲಿ ಒಬ್ಬ ಈಗ ನನ್ನ ಹಾಜರಿ ಪುಸ್ತಕ ಬರೀತಾನೆ, ಸಂಜೆ ಮೊದಲು ಎಣಿಸೋದು ಅವನೇ.