ಗೇರು ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಇಳಿಸುವ ಮೊದಲು ಕ್ಲಚ್ ನೋಡಿ

ಬದಿಯಡ್ಕದ ಕಡೆಯಿಂದ ಕೆಂಪುಕಲ್ಲು ಹೇರಿಕೊಂಡು ಹೊರಟ ಲಾರಿ ಚಡಾವಿನ ಬುಡದಲ್ಲಿ ಎರಡನೇ ಗೇರಿಗೆ ಬೀಳದೆ ‘ಕರ್ರ್’ ಎಂದರೆ ಬೈಗುಳ ತಿನ್ನುವುದು ಗೇರ್‌ಬಾಕ್ಸ್. ಎಷ್ಟೋ ಸಲ ತಪ್ಪು ಅದರದ್ದಲ್ಲ, ಕ್ಲಚ್ ಪೂರ್ತಿ ಬಿಡುತ್ತಿರುವುದಿಲ್ಲ, ಅಂದರೆ ಪೆಡಲ್ ಒತ್ತಿದರೂ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಂಟು ಕಡಿಯುವುದಿಲ್ಲ. ಗೇರ್‌ಬಾಕ್ಸ್ ಇಳಿಸಿದರೆ ದಿನದ ದುಡಿಮೆ ಹೋಯಿತು. ಮೊದಲ ಪರೀಕ್ಷೆಗಳಿಗೆ ಸ್ಪಾನರ್ ಕೂಡ ಬೇಡ. ಸಮತಟ್ಟು ಜಾಗ, ಚಕ್ರಕ್ಕೆ ಅಡ್ಡ ಇಡಲು ಎರಡು ಕಲ್ಲು ಸಾಕು.

ಇಂಜಿನ್ ಬಂದ್ ಮಾಡಿ ಒಂದೊಂದೇ ಗೇರು ಹಾಕಿ ನೋಡಿ. ಆಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನ ಬುಷ್, ಲಿಂಕೇಜ್ ಅಥವಾ ಕೇಬಲ್ ಕಡೆ ನೋಡಬೇಕು. ಕೋರೆಯ ಕೆಂಪು ಧೂಳು ಗ್ರೀಸಿಗೆ ಕೂಡಿದರೆ ಅರದ ಹಾಗೆ ತೇಯುತ್ತದೆ. ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಬೀಳದಿದ್ದರೆ ಕ್ಲಚ್ಚೇ ಕಳ್ಳ.

ಖಾತ್ರಿಗೆ ಇನ್ನೊಂದು: ಇಂಜಿನ್ ಐಡಲ್‌ನಲ್ಲಿರಲಿ. ಪೆಡಲನ್ನು ತಳದವರೆಗೆ ಒತ್ತಿ, ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿ. ಅಷ್ಟು ಹೊತ್ತಿನಲ್ಲಿ ಒಳಗಿನ ಶಾಫ್ಟ್ ತಿರುಗುವುದು ನಿಲ್ಲಬೇಕು. ಆಮೇಲೂ ಹಲ್ಲು ಉಜ್ಜುವ ಸದ್ದು ಬಂದರೆ ಕ್ಲಚ್ ಪ್ಲೇಟ್ ಇನ್ನೂ ಎಳೆದುಕೊಂಡೇ ಇದೆ.

ಈಗ ಪೆಡಲನ್ನು ಮೂರು ನಾಲ್ಕು ಸಲ ಪಂಪ್ ಮಾಡಿ ಗೇರು ಹಾಕಿ. ಸುಲಭವಾಗಿ ಬಿತ್ತೇ? ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಆಯಿಲ್ ಲೈನಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿರಬಹುದು. ಕ್ಲಚ್ ಬಳಿಯ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಸರಿಸಿ ನೋಡಿ, ಒಳಗೆ ಒದ್ದೆಯಿದ್ದರೆ ಸೋರಿಕೆ ಅಲ್ಲೇ. ಲೈನಿನ ಆಯಿಲ್ ಕಪ್ಪಾಗಿದ್ದರೆ ಬದಲಿಸಿ. ಈ ದ್ರವ ಗಾಳಿಯ ತೇವ ಹೀರುತ್ತದೆ, ನಮ್ಮ ಜಡಿಮಳೆಯ ಊರಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಬಿಡಬಾರದು. ಲಾರಿಯ ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಹಾಕಿ. ತುರ್ತಿಗೆಂದು ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಉಬ್ಬಿ ಇಡೀ ಲೈನ್ ಹಾಳು.

ಏರ್ ತೆಗೆಯಲು ಇಬ್ಬರು ಬೇಕು. ಸ್ಲೇವ್ ಸಿಲಿಂಡರಿನಲ್ಲಿ ಏರ್ ಬಿಡುವ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ. ನಡುವೆ ಮೇಲಿನ ಡಬ್ಬಿ ಬರಿದಾದರೆ ಮೊದಲಿಂದ ಶುರು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ದೊಡ್ಡ ಲಾರಿಗಳಲ್ಲಿ ಗಾಳಿಯ ಒತ್ತಡದ ಬೂಸ್ಟರ್ ಇರುತ್ತದೆ. ಪೆಡಲೇ ಕಲ್ಲಿನ ಹಾಗಾಗಿದ್ದರೆ ಮೊದಲು ಏರ್ ಗೇಜ್ ನೋಡಿ, ಟ್ಯಾಂಕಿನ ನೀರು ಬಿಡಿ, ಬೂಸ್ಟರಿನ ಹತ್ತಿರ ‘ಸುಯ್’ ಎನ್ನುತ್ತದೆಯೇ ಕೇಳಿ.

ಇಷ್ಟಾದರೂ ಸರಿಹೋಗದಿದ್ದರೆ ಇಂಜಿನ್ ಬಂದ್ ಮಾಡಿ, ಕಲ್ಲು ಅಡ್ಡ ಇಟ್ಟು, ಒಬ್ಬರು ಪೆಡಲ್ ಒತ್ತಿದಾಗ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಮಿ.ಮೀ. ಮುಂದೆ ಬರುತ್ತದೆಂದು ಸ್ಕೇಲ್ ಹಿಡಿದು ಅಳೆಯಿರಿ. ಕೈಪಿಡಿಯ ಲೆಕ್ಕಕ್ಕಿಂತ ಕಡಿಮೆಯಾದರೆ ದೋಷ ಹೊರಗೆ. ಸರಿಯಿದ್ದರೆ ಒಳಗೆ: ಬಾಗಿದ ಪ್ಲೇಟ್, ಸವೆದ ಪ್ರೆಶರ್ ಪ್ಲೇಟ್ ಬೆರಳುಗಳು, ಸವೆದ ಫೋರ್ಕ್, ಪ್ಲೇಟ್ ಜಾರುವ ಶಾಫ್ಟಿನ ತುಕ್ಕು ಹಿಡಿದ ಹಲ್ಲುಗಳು (ಸ್ಪ್ಲೈನ್). ಗೇರ್‌ಬಾಕ್ಸ್ ಇಳಿಸುವ ಮಾತು ಈಗ.

ಕ್ಲಚ್ ಜಾರುವುದು ಬೇರೆ ರೋಗ. ಲೋಡು ಹೇರಿ ಬಂದಡ್ಕದ ಕಡೆ ಹತ್ತುವಾಗ ಇಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ. ಹ್ಯಾಂಡ್‌ಬ್ರೇಕ್ ಎಳೆದು, ಮುಂದೆ ಹಿಂದೆ ಯಾರನ್ನೂ ನಿಲ್ಲಿಸದೆ, ಮೇಲಿನ ಗೇರಿನಲ್ಲಿ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಒಮ್ಮೆ ಸಾಕು, ಪದೇ ಪದೇ ಮಾಡಿದರೆ ಉಳಿದದ್ದೂ ಸುಡುತ್ತದೆ. ಪೆಡಲಿನಲ್ಲಿ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮೊದಲಿನ ಸಡಿಲ ಓಟ) ಇಲ್ಲದಿದ್ದರೂ ಹೀಗಾಗುತ್ತದೆ, ಮೊದಲು ಅದನ್ನೇ ನೋಡಿ.

ಒಂದೇ ಒಂದು ಗೇರು ಕರ್ರ್ ಎಂದರೆ ಮಾತ್ರ ಆ ಗೇರಿನ ಸಿಂಕ್ರೋ ರಿಂಗಿನ (ಗೇರು ಬೀಳುವ ಮೊದಲು ಎರಡು ಕಡೆಯ ವೇಗ ಸಮ ಮಾಡುವ ಹಿತ್ತಾಳೆ ಬಳೆ) ಮೇಲೆ ಸಂಶಯಪಡಿ. ಡಬಲ್ ಕ್ಲಚ್ ಮಾಡಿದಾಗ (ನ್ಯೂಟ್ರಲ್‌ನಲ್ಲಿ ಒಮ್ಮೆ ಪೆಡಲ್ ಬಿಟ್ಟು, ಮತ್ತೆ ಒತ್ತಿ ಗೇರು ಹಾಕಿದಾಗ) ಅದೇ ಗೇರು ಮೆತ್ತಗೆ ಬಿದ್ದರೆ ಸಂಶಯ ಗಟ್ಟಿ. ಗೇರ್ ಆಯಿಲ್ ಬಿಟ್ಟಾಗ ಹಿತ್ತಾಳೆಯ ಮಿನುಗು ಕಂಡರೂ ಅದೇ ಸುಳಿವು. ಹಾಲಿನ ಬಣ್ಣವಿದ್ದರೆ ನೀರು ಹೊಕ್ಕಿದೆ.

ಬಿಚ್ಚಿದ ಮೇಲೆ ಪ್ಲೇಟ್ ಮಾತ್ರ ಬದಲಿಸಿ ಉಳಿಸಹೋಗಬೇಡಿ. ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಜೊತೆಗೇ ಹೋಗಲಿ. ಕ್ರ್ಯಾಂಕಿನ ಹಿಂದಿನ ಸೀಲ್ ಜಿನುಗುತ್ತಿದ್ದರೆ ಅದನ್ನೂ ಹಾಕಿ, ಇಲ್ಲವಾದರೆ ಹೊಸ ಪ್ಲೇಟಿಗೂ ಎಣ್ಣೆಯೇ.