ವಿಂಡೋಸ್ 11 ಹಾಕಿದ ಮೇಲೆ ವರ್ಚುವಲ್‌ಬಾಕ್ಸ್ ಕೈಕೊಟ್ಟರೆ

ವರ್ಚುವಲ್‌ಬಾಕ್ಸ್ ಎಂದರೆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮೆಷಿನ್, ಅಂದರೆ ವಿಎಂ) ನಡೆಸುವ ತಂತ್ರಾಂಶ. ಅದು ಕೈಕೊಟ್ಟರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ‘ವರ್ಚುವಲೈಸೇಶನ್: ಡಿಸೇಬಲ್ಡ್’ ಎಂದಿದ್ದರೆ ತಂತ್ರಾಂಶವನ್ನು ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಿಲ್ಲ. ಅಸೆಂಬಲ್ ಮಾಡಿದ ಪಿಸಿಯಲ್ಲಿ ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದಾಗ ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗುವುದುಂಟು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡೇ ಬಯೋಸ್‌ಗೆ ಹೋಗಿ (ಪಿಸಿ ಆನ್ ಆಗುತ್ತಿರುವಾಗ ಸಾಮಾನ್ಯವಾಗಿ ಡಿಲೀಟ್ ಕೀ ಒತ್ತಬೇಕು). ವರ್ಚುವಲೈಸೇಶನ್‌ಗಾಗಿ ಎಎಂಡಿ ಸಿಪಿಯುನಲ್ಲಿ ಎಸ್‌ವಿಎಂ ಮೋಡ್, ಇಂಟೆಲ್‌ನಲ್ಲಿ ವಿಟಿ-ಎಕ್ಸ್ ಆನ್ ಮಾಡಿ.

ಅದು ಆನ್ ಇದ್ದೂ ವಿಎಂ ತೆವಳುತ್ತಿದ್ದರೆ, ಅದರ ವಿಂಡೋದ ಕೆಳಗಿನ ಬಲಮೂಲೆ ನೋಡಿ. ಅಲ್ಲಿ ಹಸಿರು ಆಮೆ ಕಂಡರೆ ವಿಂಡೋಸ್‌ನದೇ ವರ್ಚುವಲೈಸೇಶನ್ ವ್ಯವಸ್ಥೆಯಾದ ಹೈಪರ್-ವಿ ನಡುವೆ ಕೂತಿದೆ ಎಂದರ್ಥ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್ ಎರಡರ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಆಮೆ ಆಗಲೂ ಹೋಗದಿದ್ದರೆ ಮಾತ್ರ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಕೋರ್ ಐಸೋಲೇಶನ್‌ನ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ, ಅದು ಭದ್ರತೆಗೆಂದೇ ಇರುವಂಥದ್ದು. ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಸೌಲಭ್ಯ) ಬಳಸುವವರು ವಿಂಡೋಸ್ ಫೀಚರ್ಸ್‌ನ ಟಿಕ್‌ಗಳನ್ನು ಮುಟ್ಟಬೇಡಿ, ಅದು ನಿಂತುಹೋಗುತ್ತದೆ.