ಹುಬ್ಬೆ ಮಳೆಯಲ್ಲಿ ಸಿಕ್ಕ ಬಾಲ

ಸಿಂಹ ರಾಶಿಯಲ್ಲಿ ಮೂರು ಗ್ಯಾಲಕ್ಸಿಗಳು ಅಕ್ಕಪಕ್ಕ ಕೂತಿವೆ. ಎಂ65, ಎಂ66 ಮತ್ತು ಎನ್‌ಜಿಸಿ 3628. ಮೂರಕ್ಕೂ ಸೇರಿ ಲಿಯೋ ಟ್ರಿಪ್ಲೆಟ್ ಅಂತ ಹೆಸರು. ನಮ್ಮಿಂದ ಸುಮಾರು 3.5 ಕೋಟಿ ಜ್ಯೋತಿರ್ವರ್ಷ ದೂರ. ಮೊದಲೆರಡನ್ನು ಫ್ರಾನ್ಸಿನ ಖಗೋಳಜ್ಞ ಮೆಸಿಯೇ 1780ರಲ್ಲೇ ತನ್ನ ಪಟ್ಟಿಗೆ ಸೇರಿಸಿದ್ದ. ಮೂರನೆಯದು ಅವನಿಗೆ ಕಾಣಲಿಲ್ಲ, 1784ರಲ್ಲಿ ವಿಲಿಯಂ ಹರ್ಷೆಲ್ ಕಣ್ಣಿಗೆ ಬಿತ್ತು. ಇದು ನಮಗೆ ಅಂಚಿನಿಂದ ಕಾಣುವ ಗ್ಯಾಲಕ್ಸಿ, ನಡುವೆ ಕಪ್ಪು ಧೂಳಿನ ಪಟ್ಟಿ. ಹೊರದೇಶದವರು ಹ್ಯಾಂಬರ್ಗರ್ ಅಂತಾರೆ. ನನಗೆ ನೆನಪಾಗೋದು ಬೇಕರಿಯ ಬೆಣ್ಣೆ ಬನ್.

ಈ ಬನ್ನಿಗೊಂದು ಬಾಲ ಇದೆ. ಪಕ್ಕದ ಗ್ಯಾಲಕ್ಸಿಯ ಎಳೆತಕ್ಕೆ ಸಿಕ್ಕಿ ಹೊರಗೆ ಚೆಲ್ಲಿದ ನಕ್ಷತ್ರಗಳ ಸಾಲು. ಉದ್ದ ಸುಮಾರು 3 ಲಕ್ಷ ಜ್ಯೋತಿರ್ವರ್ಷ. ಆಕಾಶದಲ್ಲಿ ಅಳೆದರೆ ಹುಣ್ಣಿಮೆ ಚಂದ್ರನ ಅಗಲದಷ್ಟು. ಆದರೆ ಎಷ್ಟು ಮಂಕು ಅಂದರೆ, ಎಷ್ಟೋ ಜನರ ಒಳ್ಳೊಳ್ಳೆ ಫೋಟೋಗಳಲ್ಲೂ ಅದು ಇರೋದಿಲ್ಲ. ನನಗೆ ಗ್ಯಾಲಕ್ಸಿಗಿಂತ ಆ ಬಾಲದ ಹುಚ್ಚೇ ಜಾಸ್ತಿ ಹತ್ತಿತು.

ಮೊದಲ ಪ್ರಯತ್ನ ಬೆಂಗಳೂರಿನ ನಮ್ಮ ಮನೆ ತಾರಸಿಯಿಂದ. 80 ಎಂಎಂ ರಿಫ್ರ್ಯಾಕ್ಟರ್, ಅಂದರೆ ಲೆನ್ಸಿನ ಟೆಲಿಸ್ಕೋಪ್, ಅದರ ಫೋಕಲ್ ಲೆಂತ್ 480 ಎಂಎಂ. ಹಿಂದೆ ಸೆಕೆಂಡ್ ಹ್ಯಾಂಡ್ ಕೆನಾನ್ 600ಡಿ. ಊರಿನ ಬೆಳಕಿಗೆ ಆಕಾಶ ರಾತ್ರಿಯಿಡೀ ಮಾಸಲು ಬಿಳಿ. ಒಂದು ನಿಮಿಷಕ್ಕಿಂತ ಜಾಸ್ತಿ ಎಕ್ಸ್‌ಪೋಷರ್ ಕೊಟ್ಟರೆ ಫ್ರೇಮೆಲ್ಲ ಬೆಳ್ಳಗಾಗುತ್ತಿತ್ತು. ಒಂದೊಂದು ನಿಮಿಷದ 120 ಫ್ರೇಮ್ ತೆಗೆದೆ, ಒಟ್ಟು ಎರಡು ಗಂಟೆ. ಸ್ಟ್ಯಾಕ್ ಮಾಡಿ, ಅಂದರೆ ಎಲ್ಲವನ್ನೂ ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿ, ಸ್ಲೈಡರ್‌ಗಳನ್ನು ಎಲ್ಲೆಲ್ಲಿಗೋ ಎಳೆದಾಡಿದ ಮೇಲೆ ಬನ್ನಿನ ಪಕ್ಕ ಒಂದು ಬಿಳಿ ಛಾಯೆ ಕಂಡಿತು. ಬಾಲ ಸಿಕ್ತು ಅಂತ ಗೆಳೆಯರಿಗೆಲ್ಲ ಕಳಿಸಿಬಿಟ್ಟೆ. ಮಾರನೇ ದಿನ ಒಬ್ಬ ಕೇಳಿದ, "ಬಾಲ ಪೂರ್ವಕ್ಕಲ್ವಾ ಇರಬೇಕಾದ್ದು? ನಿಂದು ಪಶ್ಚಿಮಕ್ಕಿದೆಯಲ್ಲೋ." ನೋಡಿದರೆ ಹೌದು. ನಾನು ಹಿಡಿದಿದ್ದು ಎದುರು ಮನೆಯ ಎಲ್‌ಇಡಿ ದೀಪದ ಬಾಲ.

ಆಮೇಲೆ ಹೊಳೆದದ್ದು ಒಂದೇ ದಾರಿ, ಕತ್ತಲೆ ಹುಡುಕಿಕೊಂಡು ಹೋಗೋದು. ಗೆಳೆಯನ ಸೋದರಮಾವನ ತೋಟ ಹಿರಿಯೂರಿನ ಹತ್ತಿರ ಇದೆ, ಬೆಂಗಳೂರಿಂದ ಸುಮಾರು 160 ಕಿ.ಮೀ. ಮಳೆ ಕಡಿಮೆ ಬೀಳೋ ಸೀಮೆ, ಬೇಸಿಗೆಗೆ ಮುಂಚೆ ಮೋಡದ ಕಾಟವೂ ಕಡಿಮೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುವುದೊಂದು ಬಿಟ್ಟರೆ ಕತ್ತಲೆಗೆ ಕೊರತೆಯಿಲ್ಲ. ಮಾರ್ಚ್ ಅಮಾವಾಸ್ಯೆಯ ಅಕ್ಕಪಕ್ಕದ ಎರಡು ರಾತ್ರಿ ಗೊತ್ತು ಮಾಡಿಕೊಂಡು ಹೊರಟೆ.

ಟ್ರೈಪಾಡ್ ನಿಲ್ಲಿಸುತ್ತಿದ್ದಾಗ ಮಾವ ಬಂದು ಪಕ್ಕದಲ್ಲಿ ಕೂತರು. "ಯಾವ ನಕ್ಷತ್ರಕ್ಕೆ ಗುರಿ ಇಡ್ತೀಯಪ್ಪ?" ಅಂದರು. ನಾನು ಪೂರ್ವದ ಕಡೆ ತೋರಿಸಿದೆ. ಅದು ಮಖೆ, ಅದರ ಹಿಂದೆ ಹುಬ್ಬೆಯ ಎರಡು ಚುಕ್ಕಿ, ಕೊನೆಗೆ ಉತ್ತರೆ. ನನಗೆ ಬೇಕಾದ್ದು ಹುಬ್ಬೆಯ ಕೆಳಗಡೆ ಚುಕ್ಕಿಯ ಪಕ್ಕದಲ್ಲಿದೆ ಅಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಖೆ, ಹುಬ್ಬೆ ಅಂದ್ರೆ ಮಳೆ ಅಲ್ವೇನಪ್ಪ? ಚುಕ್ಕಿ ಅಂತ ಯಾರೂ ತೋರ್ಸಿರ್ಲಿಲ್ಲ." ಅವರು ಹೇಳೋದೂ ಸರಿಯೇ. ಸೂರ್ಯ ಆ ನಕ್ಷತ್ರದಲ್ಲಿದ್ದಾಗ ಬೀಳೋ ಮಳೆಗೆ ಆ ಹೆಸರು. ಹುಬ್ಬೆ ಮಳೆ ಆಗಸ್ಟ್ ಕೊನೆಯಲ್ಲಿ ಹುಟ್ಟುತ್ತದೆ, ಆಗ ಸಿಂಹ ರಾಶಿ ಸೂರ್ಯನ ಬೆಳಕಲ್ಲಿ ಮುಳುಗಿರುತ್ತದೆ. ಚುಕ್ಕಿ ರಾತ್ರಿಯಿಡೀ ಕಾಣಬೇಕಾದರೆ ಮಳೆ ಕಳೆದು ಆರು ತಿಂಗಳು ಕಾಯಬೇಕು.

ಇಲ್ಲಿ ನಮ್ಮ ಕಡೆಯದ್ದೇ ಆದ ಒಂದು ತೊಂದರೆ ಹೇಳಬೇಕು. ಭೂಮಿ ತಿರುಗೋದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜಾರುತ್ತದೆ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ 1.85 ಆರ್ಕ್‌ಸೆಕೆಂಡ್ ಹಿಡಿಯುತ್ತದೆ. ಅಂದರೆ ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟ್ ತಿರುಗದೆ ನಿಂತರೆ ಒಂದೇ ಸೆಕೆಂಡಲ್ಲಿ ನಕ್ಷತ್ರ ಎಂಟು ಪಿಕ್ಸೆಲ್ ಉದ್ದದ ಗೆರೆ ಆಗುತ್ತದೆ. ಮೂರು ನಿಮಿಷದ ಫ್ರೇಮ್ ಬೇಕಾದರೆ ಮೌಂಟಿನ ಅಕ್ಷ ಧ್ರುವಕ್ಕೆ ಕರಾರುವಾಕ್ಕಾಗಿ ಮುಖ ಮಾಡಿರಬೇಕು. ಧ್ರುವ ನಕ್ಷತ್ರ ನೋಡಿ ಹೊಂದಿಸಿ ಅಂತ ಎಲ್ಲ ವಿಡಿಯೋಗಳಲ್ಲೂ ಹೇಳುತ್ತಾರೆ. ಯುರೋಪಿನವರಿಗೆ ಅದು ಎತ್ತರದಲ್ಲಿ ಹಾಯಾಗಿ ಕಾಣುತ್ತದೆ. ಹಿರಿಯೂರಿನಲ್ಲಿ ಅದರ ಎತ್ತರ 14 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ, ಅಷ್ಟೇ. ತೆಂಗಿನ ಸಾಲಿನ ಹಿಂದೆ ಎಲ್ಲೋ ಇತ್ತು, ಮಾರ್ಚ್ ತಿಂಗಳ ಧೂಳು ಬೇರೆ. ಮಣ್ಣಲ್ಲಿ ಮಲಗಿ, ಧ್ರುವ ನಕ್ಷತ್ರ ನೋಡಲೆಂದೇ ಮೌಂಟಿನಲ್ಲಿರುವ ಪೋಲಾರ್ ಸ್ಕೋಪಿನಲ್ಲಿ ಇಣುಕಿ ಇಣುಕಿ ಕತ್ತು ಹಿಡಿದುಕೊಂಡಿತು. ಕೊನೆಗೆ ನಿನಾ ಸಾಫ್ಟ್‌ವೇರ್ ಕೈ ಹಿಡಿಯಿತು. ಅದು ಆಕಾಶದ ಮೂರು ಕಡೆ ಫೋಟೋ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಅಂತ ಹೇಳುತ್ತದೆ. ಧ್ರುವ ನಕ್ಷತ್ರ ಕಾಣಲೇಬೇಕು ಅಂತಿಲ್ಲ. ಅಕ್ಷ ಇಷ್ಟು ತಗ್ಗಿದ್ದಾಗ, ಟೆಲಿಸ್ಕೋಪಿಗೆ ಸಮತೂಕವಾಗಿ ಹಾಕೋ ತೂಕದ ಗುಂಡು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ, ಅದು ಇನ್ನೊಂದು ರಗಳೆ. ಗುಂಡನ್ನು ಮೇಲಕ್ಕೆ ಸರಿಸಿದೆ, ತೂಕ ಸಾಲಲಿಲ್ಲ, ಇನ್ನೊಂದು ಸೇರಿಸಿದೆ.

ಲಾಭವೂ ಇದೆ. ಲಿಯೋ ಟ್ರಿಪ್ಲೆಟ್ ನಮ್ಮ ನೆತ್ತಿಯ ಮೇಲೇ ಹಾದು ಹೋಗುತ್ತದೆ. ನೆತ್ತಿಯ ಮೇಲಿದ್ದಾಗ ಬೆಳಕು ದಾಟಿ ಬರಬೇಕಾದ ಗಾಳಿಯ ಪದರ ಎಲ್ಲಕ್ಕಿಂತ ತೆಳು. ಈ ಮೂರು ಗ್ಯಾಲಕ್ಸಿಗಳ ವಿಷಯದಲ್ಲಿ ಲಂಡನ್ನಿನವನಿಗಿಂತ ಹಿರಿಯೂರಿನವನೇ ಅದೃಷ್ಟವಂತ.

ಫೋಕಸ್‌ಗೆ ಮಖೆಯನ್ನೇ ಬಳಸಿದೆ. ಬಹ್ಟಿನೋವ್ ಮಾಸ್ಕ್ ಅಂತ ಒಂದು ಸೀಳು ಸೀಳು ಮುಚ್ಚಳ ಬರುತ್ತದೆ. ಅದನ್ನು ಮುಂದೆ ಹಾಕಿದರೆ ನಕ್ಷತ್ರದಿಂದ ಮೂರು ಗೆರೆ ಹೊರಡುತ್ತವೆ, ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಆಯಿತು. ರಾತ್ರಿ ತಂಪಾದಂತೆ ಟ್ಯೂಬ್ ಕುಗ್ಗಿ ಫೋಕಸ್ ಜಾರುತ್ತದೆ, ಹಾಗಾಗಿ ಗಂಟೆಗೊಮ್ಮೆ ನೋಡುತ್ತಿದ್ದೆ. ಐಎಸ್‌ಒ 800, ಫ್ರೇಮಿಗೆ ಮೂರು ನಿಮಿಷ. ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗೋ ಮುಂಚೆ ಮೌಂಟ್ ಕೆಲವು ಪಿಕ್ಸೆಲ್ ಆ ಕಡೆ ಈ ಕಡೆ ಸರಿಯುವಂತೆ ಹೇಳಿಟ್ಟಿದ್ದೆ. ಇದಕ್ಕೆ ಡಿದರಿಂಗ್ ಅಂತಾರೆ. ಕೂಲಿಂಗ್ ಇಲ್ಲದ ಹಳೇ ಕ್ಯಾಮೆರಾ ಇರುವವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು. ಇಲ್ಲದಿದ್ದರೆ ಸೆನ್ಸರಿನ ಕಲೆಗಳೆಲ್ಲ ಒಂದೇ ಕಡೆಗೆ ಮಳೆ ಸುರಿದ ಹಾಗೆ ಗೀರು ಗೀರಾಗಿ ಬರುತ್ತವೆ.

ಮೊದಲ ರಾತ್ರಿ ಒಂದೂವರೆಗೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ಬಂತು. ಆಟೋ ಸ್ಟಾರ್ಟರ್ ಟಕ್ ಅಂದು ಮೋಟಾರು ಶುರುವಾಯಿತು, ಜೊತೆಗೆ ಪಂಪ್ ಮನೆಯ ಬಲ್ಬೂ ಧಗ್ ಅಂತ ಹತ್ತಿತು. ನೇರ ಟೆಲಿಸ್ಕೋಪಿನ ಮೇಲೆ! ಓಡಿ ಹೋಗಿ ಆರಿಸುವಷ್ಟರಲ್ಲಿ ಒಂದು ಫ್ರೇಮ್ ಹೋಗಿತ್ತು. ಗಾಬರಿಯಲ್ಲಿ ಟ್ರೈಪಾಡ್ ಕಾಲು ಎಡವಿ ಇನ್ನೂ ನಾಲ್ಕು ಹಾಳು ಮಾಡಿದೆ. ಎರಡನೇ ರಾತ್ರಿ ಸಂಜೆಯೇ ಬಲ್ಬ್ ಬಿಚ್ಚಿಟ್ಟೆ.

ಬೆಳಗಿನ ಜಾವ ಫ್ಲಾಟ್ ತೆಗೆದೆ. ಲೆನ್ಸಿನ ಅಂಚುಗಳ ಕಪ್ಪು, ಸೆನ್ಸರಿನ ಮೇಲೆ ಕೂತ ಧೂಳಿನ ಉಂಗುರ, ಇವನ್ನೆಲ್ಲ ಆಮೇಲೆ ಕಳೆಯಲು ಒಂದೇ ಸಮನೆ ಬೆಳಗಿದ ಖಾಲಿ ಫೋಟೋ ಬೇಕು. ಮಾವನ ಬಿಳಿ ಪಂಚೆ ಎರಡು ಮಡಿಕೆ ಮಾಡಿ ಟೆಲಿಸ್ಕೋಪಿನ ಬಾಯಿಗೆ ಕಟ್ಟಿ, ಬೆಳಗಾಗುತ್ತಿದ್ದ ಆಕಾಶಕ್ಕೆ ತಿರುಗಿಸಿ 30 ಫ್ರೇಮ್. ಇದಕ್ಕೆಂದೇ ಮಾರುವ ಎಲ್‌ಇಡಿ ಪ್ಯಾನೆಲ್ ಇವೆ, ಪಂಚೆಗೆ ಅವು ಸಮ ಅಲ್ಲ ಅನ್ನೋದು ನನ್ನ ವಾದ. ಸೆನ್ಸರಿನ ಸ್ವಂತ ಕಲೆಗಳನ್ನು ಕಳೆಯಲು ಮುಚ್ಚಳ ಹಾಕಿ ತೆಗೆಯೋ ಡಾರ್ಕ್‌ಗಳನ್ನು ಮಾತ್ರ ರಾತ್ರಿಯೇ ತೆಗೆದಿದ್ದೆ. ಸೆನ್ಸರಿನ ಬಿಸಿ ಅಷ್ಟೇ ಇರಬೇಕಲ್ವಾ, ಅದಕ್ಕೆ.

ಎರಡು ರಾತ್ರಿಗೆ 58 ಮತ್ತು 74, ಒಟ್ಟು 132 ಫ್ರೇಮ್. ನಕ್ಷತ್ರ ಉಬ್ಬಿದವು, ಅಲುಗಿದವು ಅಂತ 19 ತೆಗೆದು ಹಾಕಿದೆ. ಉಳಿದದ್ದು 113, ಅಂದರೆ 5 ಗಂಟೆ 39 ನಿಮಿಷ. ಫ್ರೇಮ್ ನಾಲ್ಕು ಪಟ್ಟು ಮಾಡಿದರೆ ಚಿತ್ರ ಎರಡು ಪಟ್ಟು ಶುದ್ಧವಾಗುತ್ತದೆ ಅನ್ನೋದು ಲೆಕ್ಕ. ಹಾಗಾಗಿ ಒಂದೆರಡು ಫ್ರೇಮ್ ಹೋದರೆ ನಾನು ಅಳೋದಿಲ್ಲ.

ಊರಿಗೆ ಬಂದು ಸಿರಿಲ್‌ನಲ್ಲಿ ಕೂತೆ. ಉಚಿತ ಸಾಫ್ಟ್‌ವೇರ್, ನನ್ನ ಮಟ್ಟಿಗೆ ಅದೇ ಸಾಕು. ಸ್ಟ್ಯಾಕ್ ಆಯಿತು, ಹಿನ್ನೆಲೆ ಸಮ ಮಾಡಿದೆ, ಬಣ್ಣ ಸರಿ ಮಾಡಿದೆ, ಸ್ಟ್ರೆಚ್ ಮಾಡಿದೆ, ಅಂದರೆ ಮಂಕು ಬೆಳಕು ಕಣ್ಣಿಗೆ ಕಾಣುವಷ್ಟು ಎತ್ತಿದೆ. ಎಂ66ರ ಸುರುಳಿ ತೋಳು, ಬನ್ನಿನ ಧೂಳುಪಟ್ಟಿ ಎಲ್ಲ ಸೊಗಸಾಗಿ ಬಂತು. ಬಾಲ ಬರಲಿಲ್ಲ. ಹಿನ್ನೆಲೆ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಹಳೇ ಕ್ಯಾಮೆರಾ, ಚಿಕ್ಕ ಟೆಲಿಸ್ಕೋಪ್, ಇಷ್ಟೇ ಯೋಗ್ಯತೆ ಅಂದುಕೊಂಡು ಫೋಲ್ಡರ್ ಮುಚ್ಚಿದೆ.

ಮಳೆಗಾಲದಲ್ಲಿ ನಮ್ಮಂಥವರಿಗೆ ಕೆಲಸ ಇಲ್ಲ. ಹಳೇ ಡೇಟಾ ಮತ್ತೆ ಮತ್ತೆ ಅರೆಯೋದೇ ಕೆಲಸ. ಸೆಪ್ಟೆಂಬರ್ ಮೊದಲ ವಾರ, ಹೊರಗೆ ಜಡಿ ಮಳೆ, ಆ ಫೋಲ್ಡರ್ ತೆರೆದೆ. ಹಿನ್ನೆಲೆ ಸಮ ಮಾಡುವ ಹಂತದಲ್ಲಿ ಸಿರಿಲ್ ಚಿತ್ರದ ಮೇಲೆ ಪುಟ್ಟ ಪುಟ್ಟ ಚೌಕಗಳನ್ನು ಹರಡುತ್ತದೆ. "ಇವೆಲ್ಲ ಖಾಲಿ ಆಕಾಶ, ಇಲ್ಲಿನ ಬೆಳಕನ್ನು ಅಳೆದು ಕಳೆಯುತ್ತೇನೆ" ಅಂತ ಅದರ ಅರ್ಥ. ಗ್ಯಾಲಕ್ಸಿಯಂಥ ಹೊಳಪಿನ ಜಾಗ ಬಿಟ್ಟು ಚೌಕ ಇಡುತ್ತದೆ. ಬಾಲದಂಥ ಮಂಕು ವಸ್ತು ಅದಕ್ಕೂ ಖಾಲಿ ಆಕಾಶವೇ. ಈ ಸಲ ಆಟೋಸ್ಟ್ರೆಚ್ ಹಾಕಿಕೊಂಡು, ಚಿತ್ರವನ್ನು ಚಿಕ್ಕದು ಮಾಡಿ, ಸ್ವಲ್ಪ ದೂರ ಕೂತು ನೋಡಿದೆ. ಬನ್ನಿನ ಪೂರ್ವಕ್ಕೆ ಏಳೆಂಟು ಚೌಕಗಳು ಸಾಲಾಗಿ ಕೂತಿದ್ದವು. ಬಾಲ ಇರಬೇಕಾದ ಜಾಗದ ಮೇಲೇ. ಮಾರ್ಚ್‌ನಲ್ಲಿ ಬಾಲ ಬಂದೇ ಇತ್ತು, ನಾನೇ ಅದನ್ನು ಕಸ ಅಂತ ಗುಡಿಸಿದ್ದೆ!

ರೈಟ್ ಕ್ಲಿಕ್ ಮಾಡಿ ಆ ಚೌಕಗಳನ್ನು ಒಂದೊಂದಾಗಿ ಅಳಿಸಿದೆ. ಸಿರಿಲ್ ಆ ಚೌಕಗಳ ಮೇಲೆ ಹಾಸುವ ಹಿನ್ನೆಲೆ ಎಷ್ಟು ಬಾಗಬಹುದು ಅನ್ನೋದಕ್ಕೆ ಪಾಲಿನಾಮಿಯಲ್ ಡಿಗ್ರಿ ಅಂತಾರೆ, 4 ಇದ್ದದ್ದನ್ನು 1ಕ್ಕೆ ಇಳಿಸಿದೆ. ಡಿಗ್ರಿ ಜಾಸ್ತಿ ಇದ್ದಷ್ಟೂ ಅದು ಸೊಟ್ಟಪಟ್ಟ ಬಾಗಿ ಸಣ್ಣ ಉಬ್ಬುಗಳನ್ನೂ ನುಂಗುತ್ತದೆ. 1 ಅಂದರೆ ಹಲಗೆಯ ಹಾಗೆ ನೇರ, ಹಿರಿಯೂರಿನ ಆಕಾಶಕ್ಕೆ ಅಷ್ಟು ಸಾಕು. ಮತ್ತೆ ಸ್ಟ್ರೆಚ್ ಮಾಡಿದೆ. ಪೂರ್ವಕ್ಕೆ ಹೊಗೆಯ ಎಳೆಯ ಹಾಗೆ ಏನೋ ಇತ್ತು.

ಒಂದು ಸಲ ಮಂಗ ಆಗಿದ್ದೆನಲ್ಲ, ಈ ಸಲ ಯಾರಿಗೂ ಕಳಿಸಲಿಲ್ಲ. ಪರೀಕ್ಷೆ ಮಾಡಲು ಒಂದು ದಾರಿ ಹೊಳೆಯಿತು. ಗ್ಯಾಲಕ್ಸಿ ನೆತ್ತಿ ದಾಟಿದಾಗ ಮೌಂಟ್ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳುತ್ತದೆ, ಮೆರಿಡಿಯನ್ ಫ್ಲಿಪ್ ಅಂತಾರೆ. ಆಮೇಲಿನ ಫ್ರೇಮ್‌ಗಳು ತಲೆಕೆಳಗಾಗಿ ಬರುತ್ತವೆ. ಕಲೆ ಸೆನ್ಸರಿನದ್ದೋ ಫ್ಲಾಟಿನದ್ದೋ ಆಗಿದ್ದರೆ ಅದು ಕ್ಯಾಮೆರಾದ ಜೊತೆ ಇರುತ್ತದೆ, ಅಂದರೆ ಗ್ಯಾಲಕ್ಸಿಯ ಇನ್ನೊಂದು ಪಕ್ಕಕ್ಕೆ ಹೋಗಬೇಕು. ಆಕಾಶದ್ದೇ ಆದರೆ ಗ್ಯಾಲಕ್ಸಿಯ ಜೊತೆಗೇ ತಿರುಗಬೇಕು. ಹೊರಳುವ ಮುಂಚಿನ ಫ್ರೇಮ್‌ಗಳನ್ನೇ ಬೇರೆ, ಆಮೇಲಿನವನ್ನೇ ಬೇರೆ ಸ್ಟ್ಯಾಕ್ ಮಾಡಿದೆ. ಎರಡರಲ್ಲೂ ಬಾಲ ಪೂರ್ವಕ್ಕೇ ಇತ್ತು.

ಆ ಮೇಲಿನದ್ದು ಸಣ್ಣ ಕೆಲಸ. ಸ್ಟಾರ್‌ನೆಟ್ ಅನ್ನೋ ಸಾಫ್ಟ್‌ವೇರ್‌ನಿಂದ ನಕ್ಷತ್ರಗಳನ್ನು ಬೇರೆ ಮಾಡಿ, ಗ್ಯಾಲಕ್ಸಿಗಳನ್ನಷ್ಟೇ ಇನ್ನಷ್ಟು ಎತ್ತಿ, ನಕ್ಷತ್ರಗಳನ್ನು ತಿರುಗಿ ಸೇರಿಸಿದೆ. ಹಿನ್ನೆಲೆಯನ್ನು ಕಡುಕಪ್ಪು ಮಾಡಲಿಲ್ಲ, ಕಪ್ಪು ಮಾಡಿದರೆ ಮೊದಲು ಸಾಯೋದೇ ಬಾಲ. ಬಲಗಡೆ ಮೂಲೆಯ ನಕ್ಷತ್ರಗಳು ಸ್ವಲ್ಪ ಮೊಟ್ಟೆಯಾಕಾರ ಇವೆ, ಅಂಚಿನ ನಕ್ಷತ್ರಗಳನ್ನು ದುಂಡಗೆ ಮಾಡುವ ಫ್ಲ್ಯಾಟ್ನರ್ ಲೆನ್ಸು ಕ್ಯಾಮೆರಾದಿಂದ ಸರಿಯಾದ ದೂರದಲ್ಲಿ ಕೂತಿರಲಿಲ್ಲ. ಇರಲಿ.

ದೀಪಾವಳಿಗೆ ಹಿರಿಯೂರಿಗೆ ಹೋದಾಗ ಮಾವನಿಗೆ ಫೋನಿನಲ್ಲಿ ತೋರಿಸಿದೆ. ಇದು ನಿಮ್ಮ ಹುಬ್ಬೆಯ ಪಕ್ಕದ್ದೇ ಅಂದೆ. ಕನ್ನಡಕ ಹಾಕಿಕೊಂಡು ಮೂರು ಗ್ಯಾಲಕ್ಸಿಗಳನ್ನೂ ಎಣಿಸಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತಗೊಂಡು ಸ್ಕ್ರೀನನ್ನು ಒಂದೇ ಜಾಗದಲ್ಲಿ ಉಜ್ಜತೊಡಗಿದರು.

"ಯಾಕೆ ಮಾವ?"

"ಇಲ್ಲೇನೋ ಕೊಳೆ ಹತ್ತೈತೆ ಕಣಪ್ಪ, ಹೋಗ್ತಾನೇ ಇಲ್ಲ."